ಕೆನ್ನೆ ಕಾಣದ ಫೋನು

ಉದ್ದನಪಲ್ಲಿ
15 ಅಕ್ಟೋಬರ್ 2024

ನನ್ನ ತಮ್ಮ ರಾಮಮೂರ್ತಿಗೆ ಅಕ್ಕಯಮ್ಮ ಬರೆಯೋದು.

ನಮ್ಮ ಮನೇಲಿ ಎಲ್ಲರೂ ಗಟ್ಟಿಯಾಗಿದ್ದೀವಿ, ಹೊಸ ಫೋನೊಂದನ್ನು ಬಿಟ್ಟು. ನೀನು, ಚಂದ್ರಲೇಖಾ, ನಂದಿತಾ ಹೆಂಗಿದ್ದೀರಿ ಅಂತ ಕೇಳೋಕೂ ಈಗ ಅಂಚೆಯೇ ಗತಿಯಾಯ್ತು. ನೀನು ಹೊಸೂರಿನ ಕೆಲಸ ಮುಗಿಸಿ ಚಂದ್ರಲೇಖಾಳ ತವರು ತಿಪಟೂರಿಗೆ ಹೋದ ಹೊಸದರಲ್ಲಿ ನಾನು ಬರೀತಿದ್ದೆ, ಆಮೇಲೆ ಫೋನು ಬಂತು, ಪೆನ್ನು ಒಣಗಿತು. ಬಸ್ಸಿನ ಬೋರ್ಡು, ಕ್ಯಾಲೆಂಡರ್ ಹಾಳೆ ನೋಡಿ ನಾನೇ ಕಲಿತ ಅಕ್ಷರ ಇದು. ಒತ್ತು ಬಿಟ್ಟಿದ್ದರೆ ನೀನೇ ಹಾಕ್ಕೊಂಡು ಓದ್ಕೋ.

ಆಯುಧ ಪೂಜೆಗೆ ಅಂತ ತಿಲಕ್ ಹೊಸೂರಿಂದ ನನಗೊಂದು ಫೋನು ತಂದ. 'ಅಮ್ಮಾ, ಬಟನ್ ಫೋನ್ ಸಾಕು, ನೀನೂ ಮನುಷ್ಯರ ಥರಾ ಮುಖ ನೋಡ್ಕೊಂಡು ಮಾತಾಡು' ಅಂದ. ಹಳೇದನ್ನು ಅಂಗಡಿಯವನೇ ಇಟ್ಕೊಂಡನಂತೆ. ಮನೆಗೆ ಬಂದ ಹೊಸ ಸಾಮಾನನ್ನು ನಾನು ಬಿಟ್ಟೇನಾ? ಸ್ಪ್ರೇಯರಿಗೆ, ತಿಲಕನ ಗಾಡಿಗೆ, ಈಳಿಗೆಮಣೆಗೆ ಇಟ್ಟ ಹಾಗೇ ಅದರ ಹಣೆಗೂ ಅರಿಶಿನ ಕುಂಕುಮ ಇಟ್ಟು ಆರತಿ ಎತ್ತಿದೆ. ದೇವರಿಗೇ ನಗು ಬಂದಿರಬೇಕು.

ಅದರ ರೋಗ ಏನು ಅಂತ ಹೇಳ್ತೀನಿ ಕೇಳು. ಮಾತಾಡೋಕೆ ಕಿವಿಗೆ ಹಿಡಿದರೆ ಅದರ ಮುಖ ತಾನಾಗಿ ಕಪ್ಪಾಗಬೇಕಂತೆ, ಕೆನ್ನೆ ತಾಕಿ ಏನೂ ಒತ್ತಿಹೋಗಬಾರದು ಅಂತ. ಕೆನ್ನೆ ಹತ್ತಿರ ಬಂತು ಅಂತ ನೋಡಿ ತಿಳಿಯೋಕೆ ಮೇಲ್ಗಡೆ ಸಾಸಿವೆ ಕಾಳಿನಷ್ಟು ಒಂದು ಸೆನ್ಸರ್ ಇಟ್ಟಿದ್ದಾರೆ ಅಂತ ತಿಲಕ್ ಹೇಳ್ದ. ನಮ್ಮದರ ಸೆನ್ಸರ್ ಹುಟ್ಟುಗುರುಡು. ಕಿವಿಗೆ ಇಟ್ಟ ಮೇಲೂ ಫೋನು ಹಲ್ಲು ಕಿರ್‍ಕೊಂಡು ಬೆಳಗ್ತಾನೇ ಇರುತ್ತೆ, ನನ್ನ ಕೆನ್ನೆ ಅದರ ಮೇಲೆ ಕುಣಿಯುತ್ತೆ. ಕಟ್ ಮಾಡುತ್ತೆ, ಇನ್ಯಾರಿಗೋ ಮಾಡುತ್ತೆ. ಹಾಲಿನ ಡೈರಿ ಸೆಕ್ರೆಟರಿ ಕದಿರಪ್ಪನಿಗೆ ಮೇಲಿಂದ ಮೇಲೆ ಫೋನ್ ಹೋಗಿ ಆತ ಮನೆಗೇ ಬಂದು, 'ಏನಕ್ಕಾ, ಫೋನ್ ಮಾಡಿ ಮೂಗಿ ಥರಾ ಕೂತ್ಕೊಂತೀಯ, ಹಾಲಿಗೆ ನೀರು ಹಾಕಿದ್ದು ಒಪ್ಕೊಳ್ಳೋಕೆ ನಾಚ್ಕೆನಾ' ಅಂದು ಹೋದ. ನಮ್ಮ ಬಾಗಿಲ ನಾಯಿಗೆ ಬಂದೋರು ಹೋದೋರು ಗೊತ್ತಾಗುತ್ತೆ, ಅದನ್ನ ಯಾವ ಕಂಪನೀಲೂ ಮಾಡಿಲ್ಲ.

ಭಾನುವಾರ ನೀನು ಮಾಡಿದೆ. 'ಅಕ್ಕಾ, ಒಂದು ಮಾತು ಕೇಳ್ಬೇಕು, ಕೂತ್ಕೊಂಡಿದ್ದೀಯಾ' ಅಂದೆ. ಕೂತೆ. ಅಷ್ಟರಲ್ಲಿ ಕೆನ್ನೆ ತನ್ನ ಕೆಲಸ ಮಾಡ್ಬುಡ್ತು. ನೀನು ಮತ್ತೆ ಮಾಡಿದೆ, ರಾಮೂ ಅಂದೆ, ಮತ್ತೆ ಹೋಯ್ತು. ತಿಲಕನ ಫೋನಿಂದ ಮಾಡಿಸಿದೆ, ನೀನು ಎತ್ತಲಿಲ್ಲ. ಕೊಬ್ಬರಿ ಹರಾಜಿಗೆ ಹೋಗಿದ್ದೀಯೇನೋ ಅನ್ಕೊಂಡೆ.

ಆ ಒಂದು ಮಾತು ಏನು? ಬರೆದು ಹಾಕು. ನಂದಿತಾಗೆ ಅತ್ತೆ ಕೇಳಿದಳು ಅಂತ ಹೇಳು.

ನಿನ್ನ ಅಕ್ಕ
ಅಕ್ಕಯಮ್ಮ


ತಿಪಟೂರು
22 ಅಕ್ಟೋಬರ್ 2024

ಪೂಜ್ಯ ಅಕ್ಕನವರಿಗೆ ರಾಮಮೂರ್ತಿಯ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಫೋನಿನ ಕಥೆಯನ್ನು ನಗು ಬರುವ ಹಾಗೆ ಬರೆದಿದ್ದೀರಿ. ನನಗೆ ನಗು ಬರಲಿಲ್ಲ.

'ಆ ಒಂದು ಮಾತು ಏನು' ಎಂದು ಕೇಳಿದ್ದೀರಿ. ಆವತ್ತೇ ಎಲ್ಲವನ್ನೂ ಹೇಳಿದ್ದೆ. ಇನ್ನೊಂದು ಸಲ ನನ್ನ ಬಾಯಿಂದ ಹೇಳಿಸಬೇಕೆಂದಿದ್ದರೆ ಬರೆದೇ ಹೇಳುತ್ತೇನೆ.

ನಂದಿತಾಗೆ ನಿಮ್ಮ ಕಡೆಯ ಬಾಗಲೂರಿನಿಂದಲೇ ಒಂದು ಸಂಬಂಧ ಬಂದಿದೆ. ಹುಡುಗನ ಹೆಸರು ಮುನೀಶ್, ಹೊಸೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ. ಇಬ್ಬರೂ ಒಪ್ಪಿದ್ದಾರೆ. ಹುಡುಗನ ತಂದೆ ಮುತ್ತರಾಯಪ್ಪನವರು ಹಳೇ ಕಾಲದವರು. 'ನಿಮ್ಮ ಅಕ್ಕನ ಮನೇಲಿ ಮದುವೆಯಾಗದ ಗಂಡಿದ್ದಾನೆ. ತಮ್ಮನ ಮಗಳ ಮೇಲೆ ಮೊದಲ ಹಕ್ಕು ಅವರದ್ದು. ಆಕೆ ಎಲೆ ಅಡಿಕೆ ಕೊಟ್ಟು, ಹೊರಗೆ ಕೊಡು ಅಂತ ಬಾಯ್ತುಂಬ ಹೇಳಲಿ. ಆಮೇಲೆ ನಿಶ್ಚಿತಾರ್ಥದ ಮಾತು' ಎಂದರು. ಅದು ನ್ಯಾಯವೂ ಹೌದು. ನಮ್ಮ ಅಪ್ಪ ನಿಮ್ಮನ್ನು ಹೊರಗೆ ಕೊಡುವ ಮುಂಚೆ ಸೋದರತ್ತೆಯ ಬಾಗಿಲಲ್ಲಿ ಟವೆಲ್ಲು ಕೈಯಲ್ಲಿ ಹಿಡಿದು ನಿಂತಿದ್ದರು ಎಂದು ನೀವೇ ಹೇಳಿದ್ದಿರಿ.

ಇದಿಷ್ಟನ್ನೂ ಆ ಭಾನುವಾರ ಹೇಳಿ, 'ತಿಲಕನಿಗೆ ನೀನೇನಾದರೂ ಮನಸ್ಸಿನಲ್ಲಿ ಇಟ್ಕೊಂಡಿದ್ದರೆ ಈಗಲೇ ಹೇಳಿಬಿಡು ಅಕ್ಕಾ' ಎಂದೆ. ನೀವು ಸುಮ್ಮನಿದ್ದಿರಿ. ಫೋನು ನೋಡಿದರೆ ಇಟ್ಟುಬಿಟ್ಟಿದ್ದಿರಿ. ಯಾವ ಮಾತಿಗೆ ಇಟ್ಟಿರೋ ನನಗೆ ಗೊತ್ತಿಲ್ಲ. ಮತ್ತೆ ಮಾಡಿದೆ, ನನ್ನ ಹೆಸರು ಹೇಳಿ ಇಟ್ಟಿರಿ. ಆಮೇಲೆ ತಿಲಕನ ನಂಬರಿನಿಂದ ಬಂತು. ಅವನ ಎದುರಿಗೆ ಈ ಮಾತು ಹೇಗೆ ಆಡಲಿ? ಅದಕ್ಕೇ ಎತ್ತಲಿಲ್ಲ.

ನಾನು ಗಡಿಯಾರದ ಫ್ಯಾಕ್ಟರಿಯ ತಪಾಸಣೆ ವಿಭಾಗದಲ್ಲಿ ತಲೆ ನೆರೆಸಿಕೊಂಡವನು. ಸಾಮಾನು ಕೆಡುತ್ತದೆ, ನಿಜ. ಆದರೆ ಹೇಳಲಾಗದ ಮಾತು ಬಂದ ಗಳಿಗೆಯಲ್ಲೇ ಸರಿಯಾಗಿ ಕೆಡುವ ಸಾಮಾನನ್ನು ನಾನು ಕಂಡಿಲ್ಲ. ಫೋನ್ ಸರಿಯಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಕೆಟ್ಟಿದ್ದರೆ ಹೊಸೂರಿನಲ್ಲಿ ತೋರಿಸಿ, ಅವರ ಚೀಟಿ ಕಳಿಸಿ.

ಇಂತಿ
ರಾಮಮೂರ್ತಿ


ಉದ್ದನಪಲ್ಲಿ
29 ಅಕ್ಟೋಬರ್ 2024

ರಾಮೂ,

'ನೀವು' ಅಂತ ಯಾರಿಗಪ್ಪಾ ಬರೆದೆ? ಬೇರೆ ಯಾರದ್ದೋ ಕಾಗದ ನನಗೆ ಬಂತೇನೋ ಅಂತ ಕವರ್ ತಿರುಗಿಸಿ ನೋಡಿದೆ. ಚಡ್ಡಿ ಹಾಕದ ಕಾಲದಿಂದ ನೀನು, ಹೋಗೆ, ಬಾರೆ ಅಂದ್ಕೊಂಡು ಬೆಳೆದೋನು. ನನ್ನ ಸೊಂಟದ ಮೇಲೆ ಕೂತು ಊರೆಲ್ಲ ತಿರುಗಿದೋನು. ಈಗ ಪೂಜ್ಯಳಾಗ್ಬುಟ್ಟೆ ನಾನು.

ಕಾಗದ ಓದಿ ಮಡಿಸಿಟ್ಟೆ. ಮಾರನೇ ದಿನ ಹೊಸೂರಿನ ಬಸ್ಸು ಹತ್ತಿದೆ. ನಿನಗೆ ಚೀಟಿ ಬೇಕಲ್ಲ.

ಆ ಸರ್ವಿಸ್ ಸೆಂಟರ್ ನೋಡ್ಬೇಕಿತ್ತು ನೀನು. ಗಾಜಿನ ಬಾಗಿಲು, ಒಳಗೆ ಚಳಿಗಾಲ. ನಂಬರ್ ಚೀಟಿ ಕೊಟ್ಟು ಕೂರಿಸ್ತಾರೆ, ರಾಯಕೋಟೆ ಮಂಡೀಲಿ ಟೊಮೇಟೊ ಕ್ರೇಟು ಸಾಲಾಗಿ ಇಟ್ಟ ಹಾಗೆ. ಮಂಡಿಯಾದರೂ ಮೇಲು, ಒಂದು ಕಾಯಿ ಮೆತ್ತಗಿದ್ದರೆ ಕ್ರೇಟನ್ನೇ ನಮ್ಮ ಮುಖಕ್ಕೆ ವಾಪಸ್ ತಳ್ತಾರೆ. ಇಲ್ಲಿ ಕೊಳೆತದ್ದನ್ನ ಮಾರಿದೋರು ಎದೆ ಸೆಟೆದು ಕೂತವ್ರೆ, ಕೊಂಡೋರು ತಲೆ ತಗ್ಗಿಸ್ಕೊಂಡು ಕ್ಯೂನಲ್ಲಿ.

ನನ್ನ ನಂಬರ್ ಬಂತು. ಒಬ್ಬ ಹುಡುಗಿ ಫೋನು ತಗೊಂಡು ಮೊದಲು ಕೇಳಿದ್ದು, ಇದೇನು ಪಾಟಿ ಕೆಂಪಗೆ ಅಂತ, ಪಾಟಿ ಅಂದರೆ ಅವರ ತಮಿಳಲ್ಲಿ ಅಜ್ಜಿ. ಕುಂಕುಮ ಅಂದೆ. ಅಲ್ಲೇ ಇದ್ದ ಇನ್ನೊಬ್ಬನಿಗೆ ತೋರಿಸಿ ಇಬ್ಬರೂ ಕಿಸಿಕಿಸಿ ನಕ್ಕರು. ಕುಂಕುಮ ಸೆನ್ಸರ್ ಮೇಲೆ ಬಿದ್ದಿದೆ, ಅದಕ್ಕೇ ಕಾಯಿಲೆ ಅಂದರು. ಸರಿ, ಒರೆಸಿ ಅಂದೆ. ಅವರೇ ಏನೋ ನೀರು ಹಾಕಿ ಒರೆಸಿದರು. ನಾನು ಕಿವಿಗೆ ಹಿಡಿದು ತೋರಿಸಿದೆ, ಮೊದಲಿನ ಹಾಗೇ ಬೆಳಗ್ತಾ ಇತ್ತು. ಆಮೇಲೆ ತಲೆಗೆ ಹಚ್ಚಿದ ಎಣ್ಣೆಯಿಂದ ಅಂದರು. ಸೆರಗಲ್ಲಿ ಒರೆಸ್ಕೊಂಡೆ. ನನ್ನ ಮೂಗುಬೊಟ್ಟು ಮಿಂಚೋದರಿಂದ ಅಂದರು. ತಿರುಗಿ ಆ ಕಡೆ ಕಿವಿಗೆ ಹಿಡಿದೆ. ಬೆಳಗ್ತಾನೇ ಇತ್ತು.

ಆಗ ಆ ಹುಡುಗ ಫೋನನ್ನ ಕಿತ್ಕೊಂಡು ತನ್ನ ಅಂಗೈ ಅಡ್ಡ ಹಿಡಿದ. ಟಪ್ಪಂತ ಕಪ್ಪಾಯ್ತು. 'ಪಾರುಂಗ ಪಾಟಿ, ಸೂಪರಾ ಇರುಕ್ಕು' ಅಂದ, ನೋಡಿ, ಚೆನ್ನಾಗೇ ಇದೆ ಅಂತ.

ನಾನು ಅಂದೆ: 'ನಿಮ್ಮ ಊರಲ್ಲಿ ಅಂಗೈಯಿಂದ ಕೇಳಿಸ್ಕೊಂತಾರೇನಪ್ಪಾ?'

ಅವನ ಮುಖ ಸಣ್ಣಗಾಯ್ತು. ಮೆಲ್ಲಗೆ, ನೆಲ ನೋಡ್ಕೊಂಡು ಒಂದು ಮಾತು ಅಂದ. ಮುಖದ ಬಣ್ಣ ಸ್ವಲ್ಪ ಕಪ್ಪಾಗಿದ್ದರೆ ಈ ಮಾಡೆಲ್ಲಿನ ಸೆನ್ಸರಿಗೆ ಒಂದೊಂದು ಸಲ ಕಾಣಿಸಲ್ಲ ಅಂತ. ಅಂಗೈ ಬೆಳ್ಳಗಿರುತ್ತಲ್ಲ, ಅದಕ್ಕೆ ಅದು ಕಾಣುತ್ತಂತೆ.

ಅಲ್ಲಯ್ಯಾ ರಾಮೂ, ಈ ಸೀಮೇಲಿ ಯಾರ ಕೆನ್ನೆಗೆ ಅಂತ ಮಾಡಿದ್ದಾರೆ ಇದನ್ನ? ಬಿಸಿಲಲ್ಲಿ ಬಗ್ಗಿ ಟೊಮೇಟೊ ಕೀಳೋ ಕೆನ್ನೆ ಇನ್ನೇನು ಹಾಲಿನ ಕೆನೆ ಥರಾ ಇರುತ್ತಾ? ಮಾರೋವಾಗ ನನ್ನ ದುಡ್ಡು ಕಾಣಿಸ್ತು, ಮಾತಾಡೋವಾಗ ನನ್ನ ಮುಖ ಕಾಣಿಸಲ್ಲ. ಇದನ್ನೇ ಚೀಟೀಲಿ ಬರೆದು ಕೊಡು ಅಂದೆ. ಅದನ್ನ ಬರೆಯೋಕೆ ನಮಗೆ ಅಧಿಕಾರ ಇಲ್ಲ ಅಂದ. ಸ್ಪೀಕರ್ ಹಾಕಿ ಮಾತಾಡಿ ಪಾಟಿ ಅಂತ ಬುದ್ಧಿ ಬೇರೆ ಹೇಳ್ದ. ನಮ್ಮನೆ ಮಾತು ಡೈರಿ ಕದಿರಪ್ಪನ ತನಕ ಕೇಳಿಸ್ಲಿ ಅಂತ. ಕೊನೆಗೆ ಚೀಟಿ ಬರೆದ, 'ಪರೀಕ್ಷಿಸಲಾಗಿದೆ, ಯಾವುದೇ ದೋಷ ಇಲ್ಲ' ಅಂತ. ತಮಿಳಲ್ಲೂ ಇಂಗ್ಲಿಷಲ್ಲೂ ಇದೆ. ಹರಿದು ಬಿಸಾಕಬಹುದಿತ್ತು. ನೀನು ಕೇಳಿದ್ದೀಯಲ್ಲ, ಇದರ ಜೊತೆ ಇಟ್ಟಿದ್ದೀನಿ. ತಪಾಸಣೆ ಮಾಡ್ಕೋ.

ಈಗ ನಂದಿತಾ ಮಾತು. ನೀನು ಆವತ್ತು ಏನು ಹೇಳಿದ್ಯೋ ಅದರಲ್ಲಿ 'ಕೂತ್ಕೊಂಡಿದ್ದೀಯಾ' ಆದಮೇಲೆ ಒಂದಕ್ಷರ ನನ್ನ ಕಿವಿಗೆ ಬೀಳಲಿಲ್ಲ. ಸುಳ್ಳು ಹೇಳೋ ಅಗತ್ಯ ನನಗಿಲ್ಲ. ಎಲೆ ಅಡಿಕೆ ಕೊಡೋ ಕೈ ನನ್ನದು. ಆದರೆ ನನ್ನನ್ನ ಸುಳ್ಳಿ ಅಂದ್ಕೊಂಡಿರೋನಿಗೆ ಅದನ್ನ ಕೊಡೋದು ಹೆಂಗೆ? ಕೊಟ್ಟರೂ, ಅಕ್ಕ ಹೊಟ್ಟೇಲಿ ಬೇರೆ ಇಟ್ಕೊಂಡು ಕೊಟ್ಟಳು ಅಂತ ನೀನು ಸಾಯೋತನಕ ಅಂದ್ಕೊಂತೀಯ. ಮೊದಲು ನಂಬು. ಆಮೇಲೆ ಬಾ.

ನಾಡಿದ್ದು ದೀಪಾವಳಿ. ಪ್ರತಿ ವರ್ಷ ಮೊದಲ ಫೋನು ನಿನ್ನದೇ ಬರ್‍ತಿತ್ತು.

ಅಕ್ಕ


ತಿಪಟೂರು
6 ನವೆಂಬರ್ 2024

ಅಕ್ಕನವರಿಗೆ,

ಚೀಟಿ ನೋಡಿದೆ. 'ಯಾವುದೇ ದೋಷ ಇಲ್ಲ.' ಮೊಹರಿದೆ, ರುಜುವಿದೆ. ನನ್ನ ಕೆಲಸದ ಕಾಲದಲ್ಲಿ ಅಂಥ ರುಜು ಹಾಕಿದ್ದರೆ ಅದಕ್ಕೆ ಬೆಲೆ ಇತ್ತು. ಕೆನ್ನೆಯ ಬಣ್ಣಕ್ಕೆ ಫೋನು ಕಟ್ ಆಗುತ್ತದೆ ಎಂದು ಬರೆದಿರುವುದನ್ನು ಚಂದ್ರಲೇಖಾಗೆ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ಆಗುವುದಿಲ್ಲ ಎಂದರೆ ಆಗುವುದಿಲ್ಲ ಎನ್ನಿ. ಫೋನಿಗೂ ಬಣ್ಣಕ್ಕೂ ಕಥೆ ಕಟ್ಟಬೇಡಿ. ತಿಲಕನಿಗೆ ಹೆಣ್ಣು ಕೇಳಬೇಕೆಂದಿದ್ದರೆ ಎರಡು ವರ್ಷದ ಹಿಂದೆಯೇ ಕೇಳಬಹುದಿತ್ತು. ಈಗ ಹುಡುಗಿ ಒಬ್ಬನನ್ನು ಒಪ್ಪಿ ಕೂತಿದ್ದಾಳೆ. ಧನುರ್ಮಾಸ ಹುಟ್ಟಿದರೆ ಸಂಕ್ರಾಂತಿಯವರೆಗೆ ಯಾವ ಶುಭ ಕೆಲಸವೂ ಇಲ್ಲ. ಅಲ್ಲಿಯವರೆಗೆ ಕಾಯುವ ಜನ ಅಲ್ಲ ಮುತ್ತರಾಯಪ್ಪನವರು. ಅವರಿಗೆ ಇನ್ನೂ ಎರಡು ಕಡೆಯಿಂದ ಜಾತಕ ಬಂದಿದೆಯಂತೆ. ನಿಮ್ಮ ಒಂದು ಎಲೆಗೆ ನನ್ನ ಮಗಳ ಮದುವೆ ನಿಂತಿದೆ.

ರಾಮಮೂರ್ತಿ


ಉದ್ದನಪಲ್ಲಿ
12 ನವೆಂಬರ್ 2024

ರಾಮಮೂರ್ತಿ,

ಕಥೆ ಕಟ್ಟೋ ಅಕ್ಕ ಇದನ್ನ ಕೊರಿಯರ್‌ನಲ್ಲಿ ಕಳಿಸಿದ್ದಾಳೆ. ಹಳೇ ಸೀರೆ ತುಂಡಲ್ಲಿ ಸುತ್ತಿದ್ದೀನಿ, ಬಿಚ್ಚಿ ನೋಡು. ಕುಂಕುಮ ಇಲ್ಲ, ಎಣ್ಣೆ ಇಲ್ಲ. ನನ್ನ ಸಿಮ್ ತೆಗೆಸಿದ್ದೀನಿ. ನಿನ್ನ ಸಿಮ್ ಹಾಕ್ಕೊಂಡು ಒಂದು ವಾರ ಇದರಲ್ಲೇ ಮಾತಾಡು. ಅಂಗೈಗೆ ಹಿಡಿದಲ್ಲ, ಕೆನ್ನೆಗೆ ಹಿಡಿದು. ನಮ್ಮಿಬ್ಬರದೂ ಅಪ್ಪನ ಬಣ್ಣ. ಅಮ್ಮನ ಬಣ್ಣ ಯಾರಿಗೂ ಬರಲಿಲ್ಲ ಅಂತ ಅಜ್ಜಿ ಸಾಯೋತನಕ ಅಳ್ತಿದ್ದಳು, ನೆನಪಿದೆಯಾ?

ನನಗೆ ಫೋನಿಲ್ಲದೆ ಏನೂ ಆಗಲ್ಲ. ಹಸುವಿಗೆ ಫೋನ್ ಮಾಡಿ ಹಾಲು ಕರೆಯೋಲ್ಲ ನಾನು. ತಿಲಕ್ ಯಾಕಮ್ಮಾ ಕಳಿಸ್ತೀಯ ಅಂತ ಕೇಳ್ದ, ಮಾವ ರಿಪೇರಿ ಮಾಡಿಸ್ತಾನೆ ಅಂದೆ. ಅವನಿಗೆ ಇನ್ನೂ ಏನೂ ಹೇಳಿಲ್ಲ.

ಚೀಟಿ ನಂಬಿದೋನು, ನಿನ್ನ ಮುಖ ನಂಬ್ತೀಯೋ ಇಲ್ಲವೋ ನೋಡೋಣ.

ಅಕ್ಕಯಮ್ಮ


ತಿಪಟೂರು
20 ನವೆಂಬರ್ 2024

ಅಕ್ಕಾ,

ಹೇಗೆ ಶುರು ಮಾಡಲಿ ತಿಳಿಯುತ್ತಿಲ್ಲ. ನಾಲ್ಕು ಹಾಳೆ ಹರಿದೆ.

ಫೋನು ಬಂದ ದಿನ ನಾನು ಮಾಡಿದ್ದೇನು ಗೊತ್ತಾ? ಟೇಬಲ್ ಮೇಲೆ ಇಟ್ಟು, ಕನ್ನಡಕ ಹಾಕಿಕೊಂಡು, ಅಂಗೈ ಅಡ್ಡ ಹಿಡಿದೆ. ಕಪ್ಪಾಯಿತು. ತೆಗೆದೆ, ಬೆಳಗಿತು. ಹಿಡಿದೆ, ತೆಗೆದೆ. ಒಂದು ಸಲವೂ ತಪ್ಪಲಿಲ್ಲ. ನನಗೆ ಒಳಗೊಳಗೇ ಖುಷಿ. ನಿನಗೆ ಬರೆಯೋಕೆ ಕೂತೆ. ಏನು ಬರೆದಿದ್ದೆ ಅಂತ ಹೇಳುವುದಿಲ್ಲ, ನಿನ್ನ ಎದುರಿಗೆ ಮುಖ ಎತ್ತಬೇಕಲ್ಲ ಇನ್ನು ಮೇಲೆ.

ಆದರೂ ಹೇಳಿದ ಮಾತಿಗೆ ಅಂತ ನನ್ನ ಸಿಮ್ ಹಾಕಿಕೊಂಡೆ. ಮೊದಲು ಬಂದದ್ದು ಮುತ್ತರಾಯಪ್ಪನವರ ಫೋನು. ದೊಡ್ಡ ಗಂಟಲು ಅವರದ್ದು, ಹೊಲದ ಆ ತುದಿಗೆ ಕರೆದ ಹಾಗೆ ಮಾತು. ಕುಶಲ ಆಯಿತು. 'ಎಲ್ಲಿಗೆ ಬಂತು ರಾಮಮೂರ್ತಿಯವರೇ, ನಿಮ್ಮ ಅಕ್ಕ ಏನಂದರು?' ಎಂದು ಕೇಳಿದರು. ಸುಳ್ಳು ಹೇಳಲೋ ನಿಜ ಹೇಳಲೋ ಅಂತ ನಾನು ಉಸಿರು ಎಳೆದುಕೊಂಡೆ. ಅಷ್ಟೇ. ಕಟ್.

ಅವರೇ ಮತ್ತೆ ಮಾಡಿದರು. 'ಏನ್ರೀ, ಮಾತು ಕೇಳಿದ ತಕ್ಷಣ ಇಟ್ಟುಬಿಟ್ಟಿರಿ' ಎಂದರು. ಇಲ್ಲ ಸ್ವಾಮಿ ಎಂದೆ. ಅವರಿಗೆ ಕೇಳಿಸಲಿಲ್ಲ. ನಾನು ಕಿರುಚುತ್ತಿದ್ದೇನೆ, ಅವರು ಹಲೋ ಹಲೋ ಅನ್ನುತ್ತಿದ್ದಾರೆ. ಕೆನ್ನೆ ಅದೇನನ್ನೋ ಒತ್ತಿ ನನ್ನ ದನಿಯನ್ನೇ ನಿಲ್ಲಿಸಿಬಿಟ್ಟಿತ್ತು. ಆಮೇಲೆ ಅದೂ ಕಟ್. ನಾನು ಮಾಡಿದರೆ ಅವರು ಎತ್ತಲಿಲ್ಲ. ಸಂಜೆ ನಂದಿತಾಳ ಫೋನಿಂದ ಮಾಡಿ, ಫೋನ್ ಸರಿಯಿಲ್ಲ ಸ್ವಾಮಿ, ಸೆನ್ಸರ್ ದೋಷ ಎಂದೆ.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. 'ಎಲ್ಲರೂ ಹಾಗೇ ಹೇಳೋದು ಬಿಡಿ. ಅಕ್ಕನ ವಿಷಯ ಎತ್ತಿದ್ರೆ ಫೋನ್ ಇಡೋ ಮನೇಲಿ ಏನೋ ಇದೆ. ನಮಗೆ ಬೇಡ.'

ಎಲ್ಲರೂ ಹಾಗೇ ಹೇಳೋದು. ಅಕ್ಕಾ, ಈ ಮಾತನ್ನು ನಾನು ನಿನಗೆ ಬರೆದಿದ್ದೆ.

ಆಮೇಲೆ ಮನೆಯವರೆಲ್ಲ ಆ ದರಿದ್ರದ ಫೋನನ್ನು ಒಬ್ಬೊಬ್ಬರಾಗಿ ಕಿವಿಗೆ ಹಿಡಿದು ನೋಡಿದೆವು. ಚಂದ್ರಲೇಖಾ ಹಿಡಿದರೆ ಸರಿಯಾಗಿ ಕಪ್ಪಾಗುತ್ತದೆ, ಅವಳು ಬೆಳ್ಳಗಲ್ಲವಾ. ನಾನು ಹಿಡಿದರೆ ಇಲ್ಲ. ನಂದಿತಾ ಹಿಡಿದರೂ ಇಲ್ಲ, ಅವಳು ನಮ್ಮ ಬಣ್ಣ. ನಾವು ಒಂದೇ ಅಪ್ಪನ ಮಕ್ಕಳು ಅಂತ ಸಾಬೀತು ಮಾಡಿದ ಸಾಮಾನು ಲೋಕದಲ್ಲಿ ಇದೊಂದೇ ಇರಬೇಕು. ಆವತ್ತು ಎದ್ದು ಒಳಗೆ ಹೋದದ್ದು ಯಾಕೆ ಅಂತ ಚಂದ್ರಲೇಖಾ ಈಗ ಹೇಳಿದಳು, 'ಅತ್ತಿಗೆ ಸುಳ್ಳು ಬರೆಯಲ್ಲ ಅಂತ ನನಗೆ ಗೊತ್ತಿತ್ತು, ನಿಮಗೆ ಹೇಳಿದ್ದರೆ ಜಗಳ ಆಗ್ತಿತ್ತು' ಅಂತ.

ಕಂಪನಿಯ ನಂಬರಿಗೂ ಮಾಡಿದೆ. ಯಂತ್ರ ಮಾತಾಡಿತು. ನಿಮ್ಮ ಕರೆ ನಮಗೆ ಅಮೂಲ್ಯ ಎಂದಿತು. ಆಮೇಲೆ ಹಾಡು ಹಾಕಿತು. ಅಮೂಲ್ಯವಾದದ್ದನ್ನು ಯಾರಾದರೂ ಅಷ್ಟು ಹೊತ್ತು ಬಾಗಿಲಲ್ಲಿ ನಿಲ್ಲಿಸುತ್ತಾರಾ? ಕೊನೆಗೆ ಬಂದವನು, ಸರ್ವಿಸ್ ಸೆಂಟರಿನವರು ದೋಷ ಇಲ್ಲ ಎಂದ ಮೇಲೆ ನಮ್ಮದೇನೂ ಇಲ್ಲ ಎಂದ. ನಾವು ತಪಾಸಣೆ ಮಾಡುತ್ತಿದ್ದಾಗ ಗಡಿಯಾರವನ್ನು ಕೈಗೆ ಕಟ್ಟಿಕೊಂಡು ನೋಡುತ್ತಿದ್ದೆವು. ಈ ಅಯೋಗ್ಯರು ಮೊಹರನ್ನು ಮಾತ್ರ ಕಟ್ಟಿಕೊಂಡು ತಿರುಗುತ್ತಾರೆ. ಅಂಥ ಮೊಹರನ್ನು ನಂಬಿ ನಾನು ನಿನ್ನನ್ನು ನಂಬಲಿಲ್ಲ.

ನಂದಿತಾ ನನ್ನ ಜೊತೆ ಮಾತಾಡುತ್ತಿಲ್ಲ. ನಿನ್ನನ್ನು ಏನು ಕೇಳಲಿ ಅಂತಲೂ ಗೊತ್ತಿಲ್ಲ. ಕೇಳುವ ಮುಖ ಇಲ್ಲ.

ನಿನ್ನ
ರಾಮು


ಉದ್ದನಪಲ್ಲಿ
27 ನವೆಂಬರ್ 2024

ಲೋ ರಾಮೂ,

'ನೀನು' ಅಂತ ಓದಿದ ಮೇಲೆ ಊಟ ಸೇರಿತು.

ಅಳೋದು ಬಿಡು, ನಡೆದದ್ದು ಹೇಳ್ತೀನಿ. ನಿನ್ನ ಕಾಗದ ಬಂದ ಮಾರನೇ ದಿನ ನಾನು ಬಾಗಲೂರಿಗೆ ಹೋಗಿದ್ದೆ. ಒಬ್ಬಳೇ. ತಿಲಕ್ ರಜ ಹಾಕ್ತೀನಿ ಅಂದ, ಬೇಡ ಅಂದೆ. ಅವನಿಗೆ ಹೊರಡೋ ಮುಂಚೆ ಎಲ್ಲ ಹೇಳಬೇಕಾಯ್ತು. ಅದನ್ನ ಕೊನೇಲಿ ಬರೀತೀನಿ.

ಮುತ್ತರಾಯಪ್ಪನ ಮನೆ ಹುಡುಕೋದು ಕಷ್ಟ ಆಗಲಿಲ್ಲ. ಆತನ ಗಂಟಲು ಬಸ್ ಸ್ಟ್ಯಾಂಡಿಗೇ ಕೇಳಿಸ್ತಿತ್ತು, ಹೊಸ ಸೈಟುಗಳ ಕಡೆಯೋನು ಯಾರೋ ಅವರ ಬದುವಿಗೆ ಮಣ್ಣು ಸುರಿದಿದ್ದನಂತೆ. ನನ್ನ ನೋಡಿ ಯಾರಮ್ಮಾ ಅಂದ. ತಿಪಟೂರು ರಾಮಮೂರ್ತಿ ಅಕ್ಕ ಅಂದೆ. ಮುಖ ಗಂಟಾಯ್ತು. ಕೂತ್ಕೊಳ್ಳಿ ಅನ್ನೋಕೂ ಆತನಿಗೆ ಮನಸ್ಸಿಲ್ಲ. ನಾನೇ ಜಗಲಿ ಮೇಲೆ ಕೂತೆ. ಒಳಗಿಂದ ಆತನ ಹೆಂಡತಿ ಬಂದು ಮಜ್ಜಿಗೆ ಕೊಟ್ಟಳು, ಒಳ್ಳೇ ಹೆಂಗಸು.

ಫೋನಿನ ಕಥೆ ಎಲ್ಲ ಹೇಳಿದೆ. ಆತ ಮೀಸೆ ಸವರ್‍ಕೊಂಡು, 'ಕೆನ್ನೆ ಬಣ್ಣಕ್ಕೆ ಫೋನ್ ಕಟ್ ಆಗುತ್ತಾ? ನಾನು ಕಪ್ಪಗಿಲ್ವಾ? ನಂದು ಆಗಲ್ಲ' ಅಂದ. ಆತನ ಫೋನು ನೋಡಿದೆ, ನನ್ನ ಹಳೇದರ ಥರದ್ದೇ ಬಟನ್ ಫೋನು. ಅದಕ್ಕೇ ನೀವು ಪುಣ್ಯವಂತರು ಅಂದೆ. 'ಸ್ವಾಮಿ, ಫೋನು ಕಟ್ಟಾಯ್ತು ಅಂತ ಹೆಣ್ಣು ಬೇಡ ಅಂತೀರ. ನಾಳೆ ಮನೇಲಿ ಕರೆಂಟು ಹೋದರೆ ಸೊಸೇನ ತವರಿಗೆ ಕಳಿಸ್ಬುಡ್ತೀರಾ?'

ಒಳಗಿಂದ ಹೆಂಡತಿ ನಕ್ಕಿದ್ದು ಕೇಳಿಸ್ತು. ಆತನಿಗೂ ನಗು ಬಂತು, ಬಿಗಿ ಹಿಡ್ಕೊಂಡ. ಆಮೇಲೆ ದನಿ ತಗ್ಗಿಸಿ ಕೇಳ್ದ. ತಗ್ಗಿಸಿದರೂ ಎದುರು ಮನೆಗೆ ಕೇಳೋ ಹಾಗೇ ಇತ್ತು. 'ನಿಮ್ಮ ಮನೇಲಿ ಗಂಡಿದೆ. ಹಕ್ಕು ನಿಮ್ಮದು. ಹಂಗಿದ್ದೂ ನೀವೇ ಬಂದು ಹೆಣ್ಣು ತಗೊಳ್ಳಿ ಅಂತೀರಲ್ಲಮ್ಮಾ?'

'ಹಕ್ಕಿರೋದಕ್ಕೇ ಬಂದೆ. ಹಕ್ಕಿಲ್ಲದೋರು ಯಾಕೆ ಬತ್ತಾರೆ?' ಅಂದೆ.

ಆತ ಒಳಗೆ ತಿರುಗಿದ. ಹೆಂಡತಿಗೆ, ಇವರಿಗೆ ಊಟ ಹಾಕು ಅಂದ. ಮುನೀಶ್ ಕೆಲಸದಿಂದ ಬಂದ, ಕಾಲು ಮುಟ್ಟಿದ. ನಾಚ್ಕೊಂಡು, ನಂದಿತಾ ಹೆಂಗಿದ್ದಾಳೆ ಅತ್ತೆ ಅಂತ ಕೇಳ್ದ. ಈಗಲೇ ಅತ್ತೆ ಅಂತಾನೆ, ಕಳ್ಳ. ಹುಡುಗ ಚೆನ್ನಾಗಿದ್ದಾನೆ. ಅವನೂ ನಮ್ಮ ಬಣ್ಣವೇ, ಆ ಕಂಪನಿ ಫೋನು ಕೊಂಡ್ಕೋಬೇಡ ಅಂತ ಹೇಳಿ ಬಂದೆ. ಡಿಸೆಂಬರ್ ಮೊದಲ ವಾರ ನಿಶ್ಚಿತಾರ್ಥಕ್ಕೆ ಮುತ್ತರಾಯಪ್ಪ ಒಪ್ಪಿದ್ದಾರೆ. ಒಂದೇ ಮಾತು, ಎಲೆ ಅಡಿಕೆಯನ್ನ ನಾನು ತಮ್ಮನ ಕೈಗೆ ಕೊಟ್ಟೆ ಅಂತ ನಾನೇ ಅವರಿಗೆ ಹೇಳಬೇಕು. ಬಟನ್ ಫೋನಿಗೆ.

ಈಗ ತಿಲಕನ ಮಾತು. ಹೊರಡೋ ಮುಂಚೆ ಹಿಂಗಿಂಗೆ ಅಂತ ಹೇಳ್ದೆನಲ್ಲ, ಅವನು ಶೂ ಕಟ್ಟೋದು ಬಿಟ್ಟು ನನ್ನ ನೋಡ್ದ. ಆಮೇಲೆ ಕೆಳಗೆ ಕೂತು ನಕ್ಕ. 'ಅಮ್ಮಾ, ಅವಳು ನಂಗೆ ಅಣ್ಣಾ ಅಂತಾನೇ ಮೆಸೇಜ್ ಹಾಕೋದು. ಮುನೀಶನ ಫೋಟೋ ಮೊದಲು ಕಳಿಸಿದ್ದೇ ನಂಗೆ' ಅಂದ. ನೀನು ನಾನು ಒಂದೂವರೆ ತಿಂಗಳಿಂದ ಅವನಿಗೆ ಕೇಳಿಸದ ಹಾಗೆ ಬಡಿದಾಡಿದ್ದು, ಅವನಿಗೆ ನಮಗಿಂತ ಮೊದಲೇ ಗೊತ್ತಿತ್ತು. ಶಿಫ್ಟಿಗೆ ಹೊತ್ತಾಯ್ತು ಅಂತ ಹೋಗ್ಬುಟ್ಟ.

ಅವನು ಹೋದ ಮೇಲೆ ನಾನು ಬಾಗಿಲಲ್ಲೇ ಕೂತಿದ್ದೆ. ನಕ್ಕಿದ್ದು ಅವನು. ನನಗೆ ನಗು ಬರಲಿಲ್ಲ ಕಣ್ಲಾ ರಾಮೂ.

ನಂದಿತಾ ಹುಟ್ಟಿದಾಗ ಬಾಣಂತಿ ಕೋಣೇಲಿ ಮೊದಲು ಎತ್ಕೊಂಡೋಳು ನಾನು. ಅವಳು ನಮ್ಮ ಬಣ್ಣ ಅಂತ ಎಲ್ಲರೂ ತುಟಿ ಸೊಟ್ಟ ಮಾಡಿದಾಗ, ನನ್ನ ಮನೆಗೆ ಬರೋ ಹುಡುಗಿ ಇದು, ಯಾರೂ ಏನೂ ಅನ್ನಬೇಡಿ ಅಂದಿದ್ದೆ. ತಮಾಷೆಗೆ ಅಂದಿದ್ದು. ತಮಾಷೆ ಒಳಗೆ ಎಲ್ಲೋ ಕೂತ್ಬುಟ್ಟಿತ್ತು. ತಿಲಕನಿಗೆ ಹೇಳಲಿಲ್ಲ, ನಿನಗೆ ಹೇಳಲಿಲ್ಲ, ನನಗೇ ನಾನು ಹೇಳ್ಕೊಂಡಿರಲಿಲ್ಲ.

ಫೋನು ಕಟ್ ಆದದ್ದು ನಿಜ. ನಿನ್ನ ಮಾತು ಕೇಳದೇ ಇದ್ದದ್ದೂ ನಿಜ. ಆದರೆ ಕೇಳಿಸಿದ್ದರೆ? ಆಗಲೂ ನಾನು ಒಂದು ಗಳಿಗೆ ಸುಮ್ಮನಿರ್‍ತಿದ್ದೆ. ಅದನ್ನ ನೀನು ತಪಾಸಣೆ ಮಾಡಿ ಹಿಡೀತಿದ್ದೆ, ಆ ಕೆಲಸದೋನು. ಹಂಗಂತ ಆ ದರಿದ್ರದ ಕಂಪನಿಗೆ ನಾನು ಥ್ಯಾಂಕ್ಸ್ ಹೇಳಲ್ಲ. ಮುಖ ಕಾಣದ ಸೆನ್ಸರ್ ಮಾರೋರಿಗೆ ನನ್ನ ಬೈಗುಳವೇ ದಂಡ.

ಆ ಫೋನನ್ನ ಕೊರಿಯರ್‌ನಲ್ಲಿ ವಾಪಸ್ ಕಳಿಸಬೇಡ. ನೀನೇ ಹಿಡ್ಕೊಂಡು ಬಾ. ಭಾನುವಾರ ಬೆಳಗಿನ ರೈಲಿಗೆ ಹೊರಟು ಬಾ, ಚಂದ್ರಲೇಖಾನೂ ಬರಲಿ. ಎಲೆ ತೋಟದಿಂದ ಒಳ್ಳೇ ಕವಳಿ ತಂದು ಒದ್ದೆ ಬಟ್ಟೇಲಿ ಸುತ್ತಿಟ್ಟಿರ್‍ತೀನಿ. ನೀನು ಅಪ್ಪನ ಥರಾ ಬಾಗಿಲಲ್ಲಿ ನಿಲ್ಲೋದೇನೂ ಬೇಡ, ಒಳಗೆ ಬಂದು ನನ್ನೆದುರು ಕೂತು, ಆವತ್ತು ಕೇಳಿದ್ದನ್ನ ಇನ್ನೊಂದು ಸಲ ಕೇಳು. ನಾನು ಒಂದು ಗಳಿಗೆ ಸುಮ್ಮನಿರ್‍ತೀನಿ. ಎದ್ದು ಹೋಗಬೇಡ. ಅದು ಫೋನಿನದಲ್ಲ, ನನ್ನದು.

ಆಮೇಲೆ ಎಲೆ ಕೊಡ್ತೀನಿ.

ನಿನ್ನ ಅಕ್ಕ